ನೆಲದಡಿ ಸಿಕ್ಕ ಕಬ್ಬಿಣ: ತೆಗೆಯಬೇಕಾದದ್ದು ತುಕ್ಕಲ್ಲ, ಉಪ್ಪು

ಪ್ರಶ್ನೆ: ಹಳೆಯ ಮನೆ ಕೆಡವಿ ಪಾಯ ತೋಡಿಸುವಾಗ ಕೆಲವು ಕಬ್ಬಿಣದ ಸಾಮಾನುಗಳು ಸಿಕ್ಕವು. ಗೇಣುದ್ದದ ಚೂರಿಯಂಥದ್ದೊಂದು, ದಪ್ಪನೆಯ ಬೀಗ, ಬಾಗಿಲ ಕೀಲು, ಒಂದಷ್ಟು ಮೊಳೆ, ಮುಷ್ಟಿಗಿಂತ ದೊಡ್ಡದಾದ ಒಂದು ಭಾರದ ಗುಂಡು. ಎಲ್ಲಕ್ಕೂ ಮಣ್ಣು, ತುಕ್ಕು ಮೆತ್ತಿಕೊಂಡಿದೆ. ಕೀಲನ್ನು ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿ, ತಂತಿ ಬ್ರಷ್‌ನಿಂದ ಉಜ್ಜಿ, ಎಣ್ಣೆ ಸವರಿಟ್ಟೆ. ಚೆನ್ನಾಗಿಯೇ ಹೊಳೆಯುತ್ತಿತ್ತು. ತಿಂಗಳೊಳಗೆ ಅದರ ಮೇಲೆ ಕಿತ್ತಳೆ ಬಣ್ಣದ ಹನಿಗಳು ಮೂಡಿ ಚಕ್ಕೆ ಏಳತೊಡಗಿವೆ. ಎಲ್ಲಿ ತಪ್ಪಿತು? ಉಳಿದವನ್ನು ಬ್ಯಾಟರಿ ಚಾರ್ಜರ್‌ನಿಂದ ವಿದ್ಯುತ್ ಹಾಯಿಸಿ ಶುಚಿ ಮಾಡಬಹುದೇ?

ಉತ್ತರ: ಮೊದಲು ಆ ಗುಂಡಿನ ವಿಷಯ. ಅದನ್ನು ಉಜ್ಜಬೇಡಿ, ಕೊರೆಯಬೇಡಿ, ಬಿಸಿ ಮಾಡಬೇಡಿ. ವಿದ್ಯುತ್ತನ್ನಂತೂ ಹಾಯಿಸಲೇಬೇಡಿ. ಅದು ಯಾವುದೋ ಯಂತ್ರದ ಭಾಗವಿರಬಹುದು, ತೂಕದ ಗುಂಡಿರಬಹುದು. ಒಳಗೆ ಮದ್ದು ತುಂಬಿದ ಫಿರಂಗಿ ಗುಂಡೂ ಇರಬಹುದು. ತುಕ್ಕಿನ ಹೊದಿಕೆಯ ಮೇಲಿಂದ ನೋಡಿದರೆ ಅದು ಗಟ್ಟಿಯೋ ಟೊಳ್ಳೋ ಯಾರಿಗೂ ತಿಳಿಯದು. ಕರಿಮದ್ದು ನೂರು ವರ್ಷಕ್ಕೂ ಹೆಚ್ಚು ಕಾಲ ಮಣ್ಣಿನಲ್ಲಿದ್ದರೂ ಸತ್ತುಹೋಗುವುದಿಲ್ಲ. 1861-65ರ ಅಮೆರಿಕದ ಅಂತರ್ಯುದ್ಧದ ಕಾಲದ ಗುಂಡೊಂದು 2008ರಲ್ಲಿ ವರ್ಜೀನಿಯಾದಲ್ಲಿ ಸಿಡಿದು, ಅದನ್ನು ಶುಚಿ ಮಾಡುತ್ತಿದ್ದ ಸಂಗ್ರಾಹಕರ ಪ್ರಾಣ ಹೋಯಿತು. ಅವರು ಇಂಥ ಗುಂಡುಗಳನ್ನು ನೂರಾರು ಸಲ ನಿಭಾಯಿಸಿದ್ದ ಅನುಭವಿ. ನಿಮ್ಮದನ್ನು ಇದ್ದಲ್ಲೇ ಬಿಟ್ಟು ಪೊಲೀಸರಿಗೆ ತಿಳಿಸಿ. ಅಲ್ಲಿಂದ ಇನ್ನೂ ಹಳೆಯ ವಸ್ತುಗಳು ಬರುತ್ತಿದ್ದರೆ ಅಗೆತ ನಿಲ್ಲಿಸಿ ಪುರಾತತ್ವ ಇಲಾಖೆಗೂ ಹೇಳಿ. ಹೆಚ್ಚಿನ ದೇಶಗಳಲ್ಲಿ ಇದಕ್ಕೆ ಕಾನೂನಿದೆ. ಕಾನೂನು ಹಾಗಿರಲಿ, ಯಾವ ಆಳದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಎಂಬ ಮಾಹಿತಿ ಒಮ್ಮೆ ಕಳೆದುಹೋದರೆ ಮತ್ತೆ ಸಿಗುವುದಿಲ್ಲ.

ಇನ್ನು ಕೀಲು. ನೀವು ತೆಗೆದದ್ದು ತುಕ್ಕನ್ನು. ಒಳಗಿದ್ದ ಉಪ್ಪು ಹಾಗೆಯೇ ಉಳಿಯಿತು. ಉಪ್ಪು ಎಂದರೆ ಕ್ಲೋರೈಡ್. ಮನೆಯ ಬಚ್ಚಲ ನೀರು, ಗೊಬ್ಬರ, ದನಕರುಗಳ ಗಂಜಲ, ಕಡಲ ಕಡೆಯ ಗಾಳಿ ಹೀಗೆ ಯಾವ ದಾರಿಯಿಂದಲಾದರೂ ಅದು ಮಣ್ಣು ಸೇರಿರುತ್ತದೆ. ನೆಲದಡಿ ಕಬ್ಬಿಣ ಕರಗುವಾಗ ಧನ ಆವೇಶದ ಅಯಾನುಗಳು ಲೋಹದಿಂದ ಹೊರಬೀಳುತ್ತವೆ. ಅವುಗಳ ಆವೇಶವನ್ನು ಸರಿದೂಗಿಸಲು ಋಣ ಆವೇಶದ ಕ್ಲೋರೈಡ್ ತುಕ್ಕಿನ ಸೂಕ್ಷ್ಮ ರಂಧ್ರಗಳಲ್ಲಿ ನುಸುಳಿ ಒಳಕ್ಕೆ ಹೋಗುತ್ತದೆ, ಹೋಗಿ ಲೋಹಕ್ಕೂ ತುಕ್ಕಿಗೂ ನಡುವಿನ ಗಡಿಯಲ್ಲೇ ಬೀಡುಬಿಡುತ್ತದೆ. ಮಣ್ಣಿನಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಅಲ್ಲಿ ಎಲ್ಲವೂ ನಿಧಾನ. ಹೊರಗೆ ತಂದ ಮೇಲೆ ತುಕ್ಕಿನ ಪದರ ಒಣಗಿ ಬಿರಿಯುತ್ತದೆ, ಬಿರುಕಿನಿಂದ ಗಾಳಿ ಒಳಗಿಳಿಯುತ್ತದೆ. ಅಲ್ಲಿ ಕೂಡಿಬಿದ್ದಿದ್ದ ಕಬ್ಬಿಣದ ಕ್ಲೋರೈಡ್ ಆಮ್ಲಜನಕದೊಡನೆ ವರ್ತಿಸಿ ಆಮ್ಲ ಹುಟ್ಟಿಸುತ್ತದೆ. ಆ ಆಮ್ಲ ಇನ್ನಷ್ಟು ಲೋಹವನ್ನು ಕರಗಿಸುತ್ತದೆ. ಇಷ್ಟೆಲ್ಲ ನಡೆದರೂ ಕ್ಲೋರೈಡ್ ಮಾತ್ರ ಖರ್ಚಾಗದೆ ಮುಂದಿನ ಸುತ್ತಿಗೆ ಸಿದ್ಧವಾಗಿರುತ್ತದೆ.

ಈ ಸುತ್ತಿನಲ್ಲಿ ಅಕಗನೈಟ್ ಎಂಬ ಕಿತ್ತಳೆಗಂದು ಖನಿಜ ಹುಟ್ಟುತ್ತದೆ. ಅದಕ್ಕೆ ಬೇಕಾದ ಜಾಗ ತನ್ನ ಮೂಲ ಲೋಹ ಹಿಡಿಸಿದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಅದು ಬೆಳೆಯುವುದು ಒಳಗಡಿಯಲ್ಲಿ. ಹಾಗಾಗಿ ಮೇಲಿನ ಪದರವನ್ನು ಅಡಿಯಿಂದ ಎತ್ತಿ ಒಗೆಯುತ್ತದೆ. ನೀವು ಕಂಡ ಚಕ್ಕೆ ಅದೇ. ಹನಿಗಳೆಂದರೆ ಗಾಳಿಯ ತೇವವನ್ನು ಹೀರಿಕೊಂಡು ನೀರಾದ ಕಬ್ಬಿಣದ ಕ್ಲೋರೈಡ್. ಒಣಗಿದ ಒಂದು ಹನಿಯನ್ನು ಭೂತಗನ್ನಡಿಯಲ್ಲಿ ನೋಡಿ: ಒಳಗೆ ಏನೂ ಇಲ್ಲದ, ಮುಟ್ಟಿದರೆ ಒಡೆಯುವ ತೆಳ್ಳನೆಯ ಕಿತ್ತಳೆ ಚಿಪ್ಪು. ಅದರ ಬುಡದಲ್ಲಿ ಲೋಹ ಗುಳಿ ಬಿದ್ದಿರುತ್ತದೆ. ವಿನೆಗರ್ ಮತ್ತು ತಂತಿ ಬ್ರಷ್ ಸೇರಿ ಗಟ್ಟಿಯಾದ ಹೊರಪದರವನ್ನು ಕಳೆದು ಗಾಳಿಗೆ ದಾರಿ ಮಾಡಿಕೊಟ್ಟವು. ಎಣ್ಣೆ ತೇವವನ್ನು ಕೆಲ ದಿನ ತಡೆಯಿತಷ್ಟೆ.

ತುಕ್ಕನ್ನು ಕೊಳೆಯೆಂದು ನೋಡುವ ಅಭ್ಯಾಸವನ್ನು ಈ ವಸ್ತುಗಳ ಮಟ್ಟಿಗಾದರೂ ಬಿಡಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಬಳಕೆಯ ಗುದ್ದಲಿ ಮಳೆಯಲ್ಲಿ ನೆನೆದು ಹಿಡಿಯುವ ತುಕ್ಕು ಬೇರೆ. ಅದನ್ನು ಉಜ್ಜಿದರೆ ಅಡಿಯಲ್ಲಿ ಗುದ್ದಲಿ ಸಿಗುತ್ತದೆ. ಶತಮಾನಗಟ್ಟಲೆ ಹೂತಿದ್ದ ಚೂರಿಯ ವಿಷಯ ಹಾಗಲ್ಲ. ಅದರ ಲೋಹ ಒಳಕ್ಕೆ ಸರಿದಿರುತ್ತದೆ. ಕಮ್ಮಾರ ತಟ್ಟಿ ತೀಡಿದ ಮೂಲ ಮೈ ಈಗಿರುವುದು ಲೋಹದ ಮೇಲಲ್ಲ, ತುಕ್ಕಿನ ಪದರಗಳ ನಡುವೆ. ಅಡ್ಡ ಕೊಯ್ದು ನೋಡಿದರೆ ನಡುವೆ ಉಳಿದ ಲೋಹ, ಅದರ ಸುತ್ತ ಕಪ್ಪು ಬೂದು ಬಣ್ಣದ ಬಿಗಿಯಾದ ಪದರ, ಅದರಾಚೆ ಮರಳು ಮಣ್ಣಿನ ಕಣಗಳನ್ನು ಸೇರಿಸಿಕೊಂಡು ಬೆಳೆದ ಹಳದಿಗಂದು ಬಣ್ಣದ ಒರಟು ಹೆಂಟೆ. ಮರಳಿನ ಕಣ ಎಲ್ಲಿಯವರೆಗೆ ಸಿಗುತ್ತದೋ ಅಲ್ಲಿಯವರೆಗಿನದು ಹೊರಗಿನ ಬೆಳವಣಿಗೆ. ಮರಳು ನಿಂತು ಬಿಗಿಯಾದ ಕಪ್ಪು ಶುರುವಾಗುವಲ್ಲಿ ಮೂಲ ಮೈ ಇರುತ್ತದೆ. ಲೋಹ ಹೊಳೆಯುವವರೆಗೂ ಉಜ್ಜಿದವರು ಆ ಮೈಯನ್ನು ದಾಟಿ ಹೋಗಿರುತ್ತಾರೆ. ಅವರ ಕೈಯಲ್ಲಿ ಉಳಿಯುವುದು ಚೂರಿಗಿಂತ ಸಣ್ಣದಾದ, ಅಂಚಿಲ್ಲದ, ಗುಳಿಬಿದ್ದ ಒಂದು ತಿರುಳು.

ತುಕ್ಕಿನಲ್ಲಿ ಇನ್ನೂ ಒಂದು ಸಂಪತ್ತು ಅಡಗಿರುತ್ತದೆ. ಚೂರಿಯ ಹಿಡಿಯೊಳಗೆ ಹೊಗುವ ಬಾಲದ ಭಾಗವನ್ನು ಓರೆ ಬೆಳಕಿನಲ್ಲಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಡಿ ನೋಡಿ. ಅಲ್ಲಿ ಉದ್ದುದ್ದಕ್ಕೆ ಸಾಲುಸಾಲು ಸಣ್ಣ ಗೆರೆಗಳು ಕಂಡರೆ ಅದು ಮರ. ಮರ ಎಂದೋ ಕೊಳೆತು ಮಣ್ಣಾಗಿದ್ದರೂ, ಅದು ಕೊಳೆಯುವ ಮುನ್ನವೇ ಕಬ್ಬಿಣದ ಲವಣಗಳು ಅದರ ನಾಳಗಳಲ್ಲಿ ಇಳಿದು, ಗಟ್ಟಿಯಾಗಿ, ಒಂದೊಂದು ಕೋಶದ ಅಚ್ಚನ್ನೂ ಹಿಡಿದಿಟ್ಟಿರುತ್ತವೆ. ಅಲಗಿನ ಮೇಲೆ ಹಾಸು ಹೊಕ್ಕಿನ ಗುರುತು ಕಂಡರೆ ಅದನ್ನು ಬಟ್ಟೆಯಲ್ಲಿ ಸುತ್ತಿದ್ದರು ಎಂದರ್ಥ. ನೂಲಿನ ಹುರಿ ಎಡಕ್ಕೋ ಬಲಕ್ಕೋ ಎಂಬುದನ್ನೂ ಕೆಲವೊಮ್ಮೆ ಓದಬಹುದು. ಚರ್ಮದ ಒರೆಯ ಅಂಚು, ಹೊಲಿಗೆ, ಧಾನ್ಯದ ಸಿಪ್ಪೆ ಎಲ್ಲವೂ ಹೀಗೆ ಉಳಿದಿರುವುದುಂಟು. ಇವು ಲೋಹದಲ್ಲಿಲ್ಲ, ತುಕ್ಕಿನಲ್ಲೇ ಇವೆ. ಒಂದು ರಾತ್ರಿಯ ವಿನೆಗರ್ ಸಾಕು, ಎಲ್ಲವೂ ಕಂದು ನೀರಾಗಿ ಹರಿದುಹೋಗಲು.

ಹಾಗಾದರೆ ಏನು ಮಾಡಬೇಕು? ಕೈ ಹಾಕುವ ಮೊದಲು ಪ್ರತಿಯೊಂದರಲ್ಲೂ ಲೋಹ ಎಷ್ಟು ಉಳಿದಿದೆ ಎಂದು ತಿಳಿಯಿರಿ. ಅಯಸ್ಕಾಂತ ಹಿಡಿದು ನೋಡಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ, ಅದನ್ನು ಪೂರ್ತಿ ನಂಬಬೇಡಿ. ಕಪ್ಪು ತುಕ್ಕಿನಲ್ಲಿರುವ ಮ್ಯಾಗ್ನಟೈಟ್ ಕೂಡ ಅಯಸ್ಕಾಂತಕ್ಕೆ ಅಂಟುತ್ತದೆ. ಒಳಗೆ ಒಂದು ಗ್ರಾಂ ಲೋಹವಿಲ್ಲದ ಮೊಳೆಯೂ ಚೆನ್ನಾಗಿಯೇ ಹಿಡಿದುಕೊಳ್ಳಬಹುದು. ತೂಕ ಹೆಚ್ಚು ನಿಜ ಹೇಳುತ್ತದೆ. ಕಬ್ಬಿಣದ ಸಾಂದ್ರತೆ ಘನ ಸೆಂಟಿಮೀಟರಿಗೆ 7.87 ಗ್ರಾಂ, ರಂಧ್ರ ತುಂಬಿದ ತುಕ್ಕಿನದು ಅದರ ಅರ್ಧಕ್ಕಿಂತ ಕಡಿಮೆ. ಗಾತ್ರಕ್ಕೆ ತಕ್ಕ ಭಾರ ಕೈಗೆ ಸಿಗದಿದ್ದರೆ ಒಳಗೆ ಲೋಹ ಹೋಗಿದೆ ಎಂದೇ ತಿಳಿಯಿರಿ. ಎಲ್ಲಕ್ಕಿಂತ ಒಳ್ಳೆಯದು ಎಕ್ಸ್‌ರೇ. ಸಂರಕ್ಷಣಾ ಪ್ರಯೋಗಾಲಯಗಳಲ್ಲಿ ಕಬ್ಬಿಣದ ಶೋಧಕ್ಕೆ ಮೊದಲ ಮೆಟ್ಟಿಲೇ ಅದು. ಹೆಂಟೆಯೊಳಗೆ ಅಲಗಿನ ಆಕಾರ, ಬೆಸುಗೆಯ ಗೆರೆ, ಬೀಗದ ಒಳಗಿನ ಸ್ಪ್ರಿಂಗ್, ಬೇರೆ ಲೋಹದ ಕೆತ್ತನೆ ಇದ್ದರೆ ಅದೂ ಕಾಣುತ್ತದೆ.

ಎರಕ ಹೊಯ್ದ ಕಬ್ಬಿಣವಾದರೆ ಇನ್ನೊಂದು ಎಚ್ಚರ. ಅದರಲ್ಲಿ ಶೇ 2ಕ್ಕಿಂತ ಹೆಚ್ಚು ಇಂಗಾಲವಿರುತ್ತದೆ, ಬಹುಪಾಲು ಗ್ರಾಫೈಟ್ ರೂಪದಲ್ಲಿ. ನೆಲದಡಿ ಕಬ್ಬಿಣ ಕರಗಿಹೋದರೂ ಗ್ರಾಫೈಟ್ ಜಾಲ ಹಾಗೆಯೇ ನಿಂತು, ವಸ್ತು ಒಂದಿಷ್ಟೂ ಆಕಾರಗೆಡದೆ ಕಾಣುತ್ತದೆ. ಉಗುರಿನಿಂದ ಗೀರಿದರೆ ಕಪ್ಪು ಪುಡಿ ಬರುತ್ತದೆ. ಅಂಥದ್ದಕ್ಕೆ ಬ್ರಷ್ ತಾಗಿಸಿದರೆ ಅದರ ಮೇಲಿನ ಅಕ್ಷರ, ಅಲಂಕಾರ ಕ್ಷಣದಲ್ಲಿ ಅಳಿಸಿಹೋಗುತ್ತವೆ.

ಚೂರಿಗೆ ನಾನು ಒಪ್ಪುವ ದಾರಿ ಒಂದೇ: ಕೈಕೆಲಸ, ಅದೂ ಒಣಗಿದ ಸ್ಥಿತಿಯಲ್ಲಿ. ಮೊದಲು ಎಲ್ಲ ಮಗ್ಗುಲಿಂದ ಅಳತೆಪಟ್ಟಿ ಇಟ್ಟು ಫೋಟೊ ತೆಗೆದುಕೊಳ್ಳಿ. ಮೃದು ಬ್ರಷ್‌ನಿಂದ, ಬಿದಿರ ಕಡ್ಡಿಯಿಂದ ಸಡಿಲ ಮಣ್ಣನ್ನು ಬಿಡಿಸಿ. ಆಮೇಲೆ ಸರ್ಜನ್ನರು ಬಳಸುವ ಸಣ್ಣ ಬ್ಲೇಡಿನ ತುದಿಯಿಂದ ಹಳದಿಗಂದು ಪದರವನ್ನು ಕಣಕಣವಾಗಿ ಎಬ್ಬಿಸಬೇಕು. ಕೆರೆಯುವುದಲ್ಲ, ಎಬ್ಬಿಸುವುದು. ಬ್ಲೇಡನ್ನು ಪದರಕ್ಕೆ ನೆಟ್ಟಗೆ ಹಿಡಿದು ಮೆಲ್ಲನೆ ಒತ್ತಿದರೆ ಹೊರಗಿನ ಹೆಂಟೆ ಮೂಲ ಮೈಯಿಂದ ತಾನಾಗಿ ಬಿಟ್ಟುಕೊಳ್ಳುವ ಒಂದು ಗಳಿಗೆ ಬರುತ್ತದೆ. ಅಡಿಯಲ್ಲಿ ನುಣುಪಾದ ಕಪ್ಪು ಮೈ ಕಾಣಿಸುತ್ತದೆ. ಅಲ್ಲಿಗೆ ನಿಲ್ಲಿಸಿ. ಬಣ್ಣದ ವ್ಯತ್ಯಾಸ ತಿಳಿಯದಿದ್ದರೆ ಒಂದು ಹನಿ ಸ್ಪಿರಿಟ್ ಹಾಕಿದರೆ ಕೆಲ ಕ್ಷಣ ಸ್ಪಷ್ಟವಾಗಿ ಕಾಣುತ್ತದೆ. ಪ್ರಯೋಗಾಲಯಗಳಲ್ಲಿ ಇದೇ ಕೆಲಸಕ್ಕೆ ಗಾಳಿಯ ಒತ್ತಡದಿಂದ ಅಲ್ಯೂಮಿನಿಯಂ ಆಕ್ಸೈಡ್ ಪುಡಿಯನ್ನು ಸೂಜಿಮೊನೆಯಷ್ಟು ಸಣ್ಣ ಧಾರೆಯಾಗಿ ಹೊಡೆಯುವ ಉಪಕರಣ ಇರುತ್ತದೆ. ಧೂಳು ಒಳಗೆ ಹೋಗದಂತೆ ಮುಖಗವಸು ಹಾಕಿಕೊಳ್ಳಿ. ಮರದ ಗೆರೆ ಕಂಡ ಜಾಗವನ್ನು ಮುಟ್ಟಬೇಡಿ. ಒಂದು ಬೆರಳಗಲ ಮುಗಿಯಲು ಒಂದು ಸಂಜೆ ಹಿಡಿದರೆ ಅದು ಸರಿಯಾದ ವೇಗ.

ಈಗ ನೀವು ಕೇಳಿದ ವಿದ್ಯುತ್ ವಿಧಾನ. ತಿರುಳಿನಲ್ಲಿ ದಪ್ಪ ಲೋಹ ಉಳಿದಿರುವ, ಮೇಲ್ಮೈಯಲ್ಲಿ ಓದಬೇಕಾದ್ದೇನೂ ಇಲ್ಲದ ಹಾರೆ, ಸರಪಳಿ, ದಪ್ಪ ಮೊಳೆಗಳಿಗೆ ಅದು ಸಲ್ಲುತ್ತದೆ. ಚೂರಿಗೆ ಬೇಡ. ಬೀಗಕ್ಕೂ ಬೇಡ, ಹೊರಬರುವ ಜಲಜನಕ ಹದಗೊಳಿಸಿದ ಉಕ್ಕಿನ ಸ್ಪ್ರಿಂಗನ್ನು ಪೆಡಸಾಗಿಸಿ ಮುರಿಯುವಂತೆ ಮಾಡಬಲ್ಲದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಲೀಟರ್ ನೀರಿಗೆ 10ರಿಂದ 20 ಗ್ರಾಂ ವಾಷಿಂಗ್ ಸೋಡಾ ಕರಗಿಸಿ. ವಸ್ತುವಿನ ಒಂದು ಕಡೆ ಲೋಹ ಕಾಣುವಷ್ಟು ಜಾಗ ಕೆರೆದು ಅಲ್ಲಿಗೆ ಋಣ ತಂತಿ, ಅಂದರೆ ಕಪ್ಪು ತಂತಿ, ಜೋಡಿಸಿ. ಧನ ತಂತಿಗೆ ಸಾದಾ ಕಬ್ಬಿಣದ ತಗಡು. ಇದು ಅದಲುಬದಲಾದರೆ ಕರಗುವುದು ನಿಮ್ಮ ವಸ್ತುವೇ. ತಗಡಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ಚಮಚ, ತಟ್ಟೆ ಹಾಕುವವರಿದ್ದಾರೆ, ಅದು ಅಪಾಯ. ಅದರಲ್ಲಿನ ಕ್ರೋಮಿಯಂ ಕರಗಿ ಕ್ಯಾನ್ಸರ್‌ಕಾರಕ ರೂಪದಲ್ಲಿ ನೀರಿಗೆ ಸೇರಬಹುದು. ಸತು ಲೇಪಿಸಿದ ತಗಡೂ ಬೇಡ. ಸೋಡಾದ ಬದಲು ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಅನಿಲ ಬರುತ್ತದೆ, ಜೊತೆಗೆ ಯಾವ ಕ್ಲೋರೈಡನ್ನು ಓಡಿಸಲು ಹೊರಟಿದ್ದೇವೋ ಅದನ್ನೇ ವಸ್ತುವಿಗೆ ಉಣಿಸಿದಂತಾಗುತ್ತದೆ. ಏಳುವ ಗುಳ್ಳೆಗಳಲ್ಲಿ ಜಲಜನಕ ಇರುವುದರಿಂದ ಕೆಲಸ ಬಯಲಿನಲ್ಲಿ ನಡೆಯಲಿ, ಹತ್ತಿರ ಬೆಂಕಿ ಬೇಡ, ಕೈ ಹಾಕುವ ಮೊದಲು ಸ್ವಿಚ್ ಆರಿಸಿ.

ವಿದ್ಯುತ್ತಿನಿಂದ ತುಕ್ಕು ಮತ್ತೆ ಗಟ್ಟಿ ಕಬ್ಬಿಣವಾಗುತ್ತದೆ ಎಂಬ ನಂಬಿಕೆ ಬೇಡ. ಕೆಂಪು ತುಕ್ಕಿನ ಒಂದು ಪಾಲು ಕಪ್ಪಾಗುತ್ತದೆ, ಉಳಿದದ್ದನ್ನು ಗುಳ್ಳೆಗಳು ಸಡಿಲಿಸುತ್ತವೆ. ಸಂರಕ್ಷಕರು ಈ ವಿಧಾನವನ್ನು ಇಟ್ಟುಕೊಂಡಿರುವುದಕ್ಕೆ ಮುಖ್ಯ ಕಾರಣ ಬೇರೆ: ಋಣ ತುದಿಯಲ್ಲಿರುವ ವಸ್ತುವಿನಿಂದ ಋಣ ಆವೇಶದ ಕ್ಲೋರೈಡ್ ಹೊರಕ್ಕೆ ಸೆಳೆಯಲ್ಪಡುತ್ತದೆ. ಅದಕ್ಕೆ ಕಡಿಮೆ ವಿದ್ಯುತ್ತು, ಹೆಚ್ಚು ಕಾಲ ಬೇಕು. ರಭಸವಾಗಿ ಕುದಿಯುವಂತೆ ಗುಳ್ಳೆ ಎದ್ದರೆ ಮೂಲ ಮೈಯೂ ಕಳಚಿ ಬರುತ್ತದೆ.

ಆಮ್ಲಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿನೆಗರ್, ಸಿಟ್ರಿಕ್ ಆಮ್ಲ ಮೊದಲಾದವು ಇತ್ತೀಚಿನ ಉಪಕರಣಗಳನ್ನು ಮತ್ತೆ ಬಳಕೆಗೆ ತರುವವರಿಗೆ ಸರಿ. ಹೈಡ್ರೋಕ್ಲೋರಿಕ್ ಆಮ್ಲ ಯಾವ ಕಾರಣಕ್ಕೂ ಬೇಡ, ಅದು ಕ್ಲೋರೈಡೇ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿದರೆ ತುಕ್ಕು ಉದುರುವುದು ನಿಜ, ಆದರೆ ಹಿಂದಿನ ಕಮ್ಮಾರ ಅಲಗಿಗೆ ಕೊಟ್ಟ ಹದವೂ ಅದರೊಡನೆ ಹೋಗುತ್ತದೆ. ಲೋಹವಿಜ್ಞಾನಿಗಳು ಓದುವುದು ಆ ಹದವನ್ನೇ.

ಉಪ್ಪು ತೆಗೆಯುವ ಸಾದಾ ಉಪಾಯ ಕ್ಷಾರದ ನೆನೆ. ಕ್ಷಾರದಲ್ಲಿ ಕಬ್ಬಿಣ ಹೊಸದಾಗಿ ತುಕ್ಕು ಹಿಡಿಯುವುದಿಲ್ಲ, ಕ್ಲೋರೈಡ್ ನಿಧಾನವಾಗಿ ಹೊರಬರುತ್ತದೆ. ಪ್ರಯೋಗಾಲಯಗಳಲ್ಲಿ ಶೇ 2ರಷ್ಟು ಕಾಸ್ಟಿಕ್ ಸೋಡಾ ಬಳಸುತ್ತಾರೆ; ಅದಕ್ಕೆ ಸೋಡಿಯಂ ಸಲ್ಫೈಟ್ ಬೆರೆಸಿ ಆಮ್ಲಜನಕ ತೆಗೆದು, ಮುಚ್ಚಿದ ಪಾತ್ರೆಯಲ್ಲಿ ಬೆಚ್ಚಗಿಡುವ ವಿಧಾನ 1970ರ ದಶಕದಿಂದ ಬಳಕೆಯಲ್ಲಿದೆ. ಮನೆಯಲ್ಲಿ ಕಾಸ್ಟಿಕ್ ಸೋಡಾ ಕಣ್ಣಿಗೆ, ಚರ್ಮಕ್ಕೆ ಅಪಾಯ, ಅದಕ್ಕೇ ಡಿಸ್ಟಿಲ್ಡ್ ವಾಟರ್‌ನಲ್ಲಿ ಲೀಟರಿಗೆ 50 ಗ್ರಾಂ ವಾಷಿಂಗ್ ಸೋಡಾ ಹಾಕಿ ನೆನೆಸಿಡಿ. ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ದ್ರಾವಣ ಬದಲಿಸಿ. ತಿಂಗಳುಗಳು ಹಿಡಿಯುತ್ತವೆ. ಮುಗಿಯಿತೋ ಇಲ್ಲವೋ ತಿಳಿಯಲು ಬದಲಿಸುವ ದ್ರಾವಣದಿಂದ ಸ್ವಲ್ಪ ತೆಗೆದು, ನೊರೆ ನಿಲ್ಲುವ ತನಕ ನೈಟ್ರಿಕ್ ಆಮ್ಲ ಸೇರಿಸಿ, ಸಿಲ್ವರ್ ನೈಟ್ರೇಟ್ ಹನಿ ಬಿಡಬೇಕು. ಹಾಲಿನ ಬಿಳುಪು ಬಂದರೆ ಕ್ಲೋರೈಡ್ ಇನ್ನೂ ಬರುತ್ತಿದೆ. ಆಮ್ಲ ಸೇರಿಸದೆ ಪರೀಕ್ಷಿಸಿದರೆ ಸೋಡಾದಿಂದಲೇ ಬಿಳುಪು ಬಂದು ದಾರಿ ತಪ್ಪಿಸುತ್ತದೆ. ನೈಟ್ರಿಕ್ ಆಮ್ಲ ಮನೆಯಲ್ಲಿಡುವ ವಸ್ತುವಲ್ಲ, ಇದನ್ನು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಮಾಡಿಸಿಕೊಳ್ಳಿ. ತೀರ ಜೀರ್ಣವಾದ ವಸ್ತುಗಳನ್ನು, ಮರ ಅಥವಾ ಬಟ್ಟೆಯ ಅಚ್ಚು ಇರುವಂಥವನ್ನು ನೆನೆಸಬೇಡಿ. ಅವು ನೀರಿನಲ್ಲಿ ಬಿಡಿಬಿಡಿಯಾಗುತ್ತವೆ.

ನೆನೆ ಮುಗಿದ ಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಬೇಗನೆ ಜಾಲಿಸಿ, ಸ್ಪಿರಿಟ್ಟಿನಲ್ಲಿ ಅದ್ದಿ, ಸ್ಪಿರಿಟ್ ಪೂರ್ತಿ ಆರಿದ ಮೇಲೆ ಓವನ್ನಿನಲ್ಲಿ 100 ಡಿಗ್ರಿಯ ಸುಮಾರಿಗೆ ಒಣಗಿಸಿ. ಟ್ಯಾನಿಕ್ ಆಮ್ಲದ ತೆಳು ದ್ರಾವಣವನ್ನು ಬ್ರಷ್‌ನಿಂದ ತಿಕ್ಕಿ ಹಚ್ಚಿದರೆ ಉಳಿದ ತುಕ್ಕಿನೊಡನೆ ಸೇರಿ ನೀಲಿಗಪ್ಪು ಪದರವಾಗುತ್ತದೆ. ಆದರೆ ಕ್ಲೋರೈಡ್ ಉಳಿದಿದ್ದರೆ ಅದು ಏನನ್ನೂ ತಡೆಯದು. ಕೊನೆಗೆ ಕರಗಿದ ಮೈಕ್ರೋಕ್ರಿಸ್ಟಲೈನ್ ಮೇಣದಲ್ಲಿ ಬಿಸಿಯಾಗಿರುವಾಗಲೇ ಮುಳುಗಿಸಿ, ಗುಳ್ಳೆ ನಿಂತ ಮೇಲೆ ತೆಗೆಯಿರಿ. ಮೇಣದ ಪಾತ್ರೆಯನ್ನು ನೇರ ಬೆಂಕಿಯ ಮೇಲಿಡಬೇಡಿ.

ಇಷ್ಟಾದರೂ ಕ್ಲೋರೈಡ್ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಕಾಪಾಡುವುದು ಒಣ ಗಾಳಿ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 15ಕ್ಕಿಂತ ಕೆಳಗಿದ್ದರೆ ಕ್ಲೋರೈಡ್ ತುಂಬಿದ ಕಬ್ಬಿಣವೂ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಶೇ 20ರಲ್ಲಿ ಬಲು ನಿಧಾನ, ಅದರ ಮೇಲೆ ಏರಿದಷ್ಟೂ ವೇಗ. 1843ರಲ್ಲಿ ನೀರಿಗಿಳಿದ ಎಸ್‌ಎಸ್ ಗ್ರೇಟ್ ಬ್ರಿಟನ್ ಎಂಬ ಕಬ್ಬಿಣದ ಹಡಗನ್ನು 1970ರಲ್ಲಿ ಫಾಕ್ಲೆಂಡ್ ದ್ವೀಪಗಳಿಂದ ಬ್ರಿಸ್ಟಲ್‌ಗೆ ಎಳೆದು ತಂದರು. ಅಷ್ಟು ದೊಡ್ಡ ಒಡಲಿನಿಂದ ಕಡಲ ಉಪ್ಪನ್ನು ತೊಳೆದು ತೆಗೆಯುವುದು ಅಸಾಧ್ಯವಾಗಿತ್ತು. ಅದಕ್ಕೆ ಹಡಗಿನ ಕೆಳಭಾಗದ ಸುತ್ತ ಗಾಜಿನ ಮುಚ್ಚಳಿಕೆ ಕಟ್ಟಿ, ಯಂತ್ರಗಳಿಂದ ಒಳಗಿನ ಗಾಳಿಯನ್ನು ಶೇ 20ರ ಆರ್ದ್ರತೆಗೆ ಒಣಗಿಸಿ ಇಟ್ಟಿದ್ದಾರೆ. ನಿಮ್ಮ ಚೂರಿಗೆ ಬೇಕಾದ್ದು ಇದರದ್ದೇ ಸಣ್ಣ ರೂಪ: ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಧಾರಾಳವಾಗಿ ಸಿಲಿಕಾ ಜೆಲ್, ಆರ್ದ್ರತೆ ತೋರಿಸುವ ಕಾಗದದ ಪಟ್ಟಿ. ಪಟ್ಟಿಯ ಬಣ್ಣ ಬದಲಾದಾಗ ಜೆಲ್ಲನ್ನು ಓವನ್ನಿನಲ್ಲಿ 110-120 ಡಿಗ್ರಿಯಲ್ಲಿ ಕೆಲವು ಗಂಟೆ ಒಣಗಿಸಿ ಮತ್ತೆ ಹಾಕಿದರಾಯಿತು. ಏನೂ ಮಾಡಲು ಪುರಸೊತ್ತಿಲ್ಲದಿದ್ದರೆ ಉಳಿದ ವಸ್ತುಗಳನ್ನು ಇವತ್ತೇ ಇಂಥ ಡಬ್ಬಿಗೆ ಹಾಕಿ ಮುಚ್ಚಿಡಿ. ಶುಚಿ ಮಾಡುವುದನ್ನು ಹತ್ತು ವರ್ಷದ ನಂತರವೂ ಮಾಡಬಹುದು.

ಬೀಗವನ್ನು ತೆರೆಯಲು ಒತ್ತಾಯಿಸಬೇಡಿ, ಎಕ್ಸ್‌ರೇ ಆಗುವವರೆಗೆ ಡಬ್ಬಿಯಲ್ಲೇ ಇರಲಿ. ಕೀಲಿನ ಎಣ್ಣೆಯನ್ನು ಅಸಿಟೋನ್‌ನಿಂದ ತೆಗೆದು ಸೋಡಾ ನೆನೆಗೆ ಹಾಕಿ. ತಿರುಳು ಗಟ್ಟಿಯಿದ್ದರೆ ಉಳಿದುಕೊಳ್ಳುತ್ತದೆ. ಅದರಿಂದ ಉದುರಿದ ಚಕ್ಕೆಗಳನ್ನು ಗುಡಿಸಿ ಎಸೆದಿಲ್ಲವಾದರೆ, ಯಾವ ಭಾಗದ್ದೆಂದು ಬರೆದ ಸಣ್ಣ ಪೊಟ್ಟಣಗಳಲ್ಲಿ ಜೊತೆಗೇ ಒಣಗಿಸಿಡಿ. ಮೂಲ ಮೈ ಅಂಟಿಕೊಂಡಿರುವುದು ಹೆಚ್ಚಾಗಿ ಅವುಗಳಲ್ಲೇ. ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಅಂಟಿನಿಂದ ಅವನ್ನು ಮತ್ತೆ ಕೂಡಿಸಬಹುದು, ಬೇಕಾದಾಗ ಅಸಿಟೋನ್‌ನಿಂದಲೇ ಬಿಡಿಸಲೂಬಹುದು.